ಪಂಪ್ ನಿಂತ ರಾತ್ರಿ, ಒಂದು ಸಿಗಾರ್

129 ಮಿಲಿಮೀಟರ್ ಉದ್ದ, ದಪ್ಪ ಹೆಚ್ಚು ಕಮ್ಮಿ ನಮ್ಮ 16 ಎಂಎಂ ಕಂಬಿಯಷ್ಟು. ಸಿಗಾರ್‌ನವರು ದಪ್ಪಾನ ಇಂಚಿನ 64ನೇ ಭಾಗದ ಲೆಕ್ಕದಲ್ಲಿ ಹೇಳ್ತಾರೆ, ಇದು 42, ಅಂದ್ರೆ 42 ಬೈ 64 ಇಂಚು, ಕ್ಯಾಲ್ಕುಲೇಟರ್‌ನಲ್ಲಿ ಹೊಡೆದ್ರೆ 16.67 ಬರುತ್ತೆ. ಸಿವಿಲ್ ಎಂಜಿನಿಯರ್ ಕೈಗೆ ಏನು ಕೊಟ್ರೂ ಮೊದ್ಲು ಅಳತೆ ನೋಡ್ತಾನೆ, ಏನ್ಮಾಡೋದು, ಅಭ್ಯಾಸ.

ಕೊಟ್ಟಿದ್ದು ದೊಡ್ಡಪ್ಪನ ಮಗ, ದುಬೈನಲ್ಲಿದ್ದಾನೆ. ಜನವರಿಯಲ್ಲಿ ಬಂದಾಗ ಡ್ಯೂಟಿ ಫ್ರೀಯಿಂದ ತಂದಿದ್ದ, ಕ್ಯೂಬಾದ ರೋಮಿಯೋ ವೈ ಜೂಲಿಯೆಟಾ ನಂಬರ್ 2, ಅಲ್ಯೂಮಿನಿಯಂ ಟ್ಯೂಬಲ್ಲಿ. "ನಿನ್ ಮೊದಲ್ನೇ ರಾಫ್ಟ್ ಮುಗೀತಲ್ಲ ಅವತ್ತು ಸೇದು, ಅದಕ್ಕೂ ಮುಂಚೆ ಮುಟ್ಬೇಡ" ಅಂದಿದ್ದ. ರಾಫ್ಟ್ ಅಂದ್ರೆ ಕಟ್ಟಡದ ತಳಕ್ಕೆ ಹಾಕೋ ದಪ್ಪ ಕಾಂಕ್ರೀಟ್ ಹಾಸು. ನಾನು ಸಿಗರೇಟ್ ಸೇದಲ್ಲ, ಕಾಲೇಜಲ್ಲಿ ಎರಡು ಮೂರು ಸಲ ಸೇದಿ ಕೆಮ್ಮಿ ಬಿಟ್ಟಿದ್ದೆ ಅಷ್ಟೆ. ಆದ್ರೂ ಅವನು ಅಷ್ಟು ಪ್ರೀತಿಯಿಂದ ಕೊಟ್ಟಿದ್ದು, ಬೇಡ ಅನ್ನೋಕಾಗ್ಲಿಲ್ಲ. ಟ್ಯೂಬಲ್ಲಿದ್ರೂ ಸಿಗಾರ್ ತಿಂಗಳುಗಟ್ಲೆ ಹಾಗೇ ಇರಲ್ಲ, ಒಣಗಿ ಹಪ್ಪಳ ಆಗುತ್ತೆ, 65ರಿಂದ 70 ಪರ್ಸೆಂಟ್ ತೇವ ಇರೋ ಕಡೆ ಇಡ್ಬೇಕು ಅಂತ ಅವನೇ ಹೇಳಿದ್ದ. ಬೆಂಗಳೂರಿನ ಮಾರ್ಚ್ ತಿಂಗಳಲ್ಲಿ ಅಷ್ಟು ತೇವ ಎಲ್ಲಿಂದ ತರೋದು? ಸೈಟ್ ಲ್ಯಾಬಲ್ಲಿ ಟೆಸ್ಟ್‌ಗೆ ಅಂತ ಎರಕ ಹೊಯ್ದ ಕಾಂಕ್ರೀಟ್ ಕ್ಯೂಬ್‌ಗಳನ್ನ 28 ದಿನ ಮುಳುಗಿಸಿಡೋ ನೀರಿನ ಟ್ಯಾಂಕ್ ಇದ್ಯಲ್ಲ, ಆ ರೂಮು ಯಾವಾಗ್ಲೂ ತಣ್ಣಗೆ ಜಿಗಿಜಿಗಿ ಅಂತಿರುತ್ತೆ. ಅಲ್ಲೇ ಶೆಲ್ಫ್ ಮೇಲೆ ಒಂದು ಸೋಪ್ ಡಬ್ಬಿಯೊಳಗೆ ಒದ್ದೆ ಸ್ಪಾಂಜ್ ತುಂಡು ಹಾಕಿ ಇಟ್ಟಿದ್ದೆ. ಲ್ಯಾಬ್ ಹುಡುಗ ಅದಕ್ಕೆ ಕ್ಯೂಬ್ ನಂಬರ್ ಹಾಕೋ ಮಾರ್ಕರ್‌ನಲ್ಲಿ ತಾರೀಕು ಬರೆದು "ಸಾರ್, 28 ಡೇಸ್ ಆಯ್ತು, ಟೆಸ್ಟ್ ಮಾಡೋಣ್ವಾ" ಅಂತ ತಮಾಷೆ ಮಾಡ್ತಿದ್ದ.

ರಾಫ್ಟ್ ಬಂದಿದ್ದು ಆಗಸ್ಟ್‌ನಲ್ಲಿ. ಸರ್ಜಾಪುರ ರೋಡ್ ಕಡೆ ಒಂದು ಅಪಾರ್ಟ್‌ಮೆಂಟ್, ಅದರ ಒಂದು ಟವರ್‌ನ ತಳ. 25 ಮೀಟರ್ ಉದ್ದ, 14 ಅಗಲ, 1.2 ಮೀಟರ್ ದಪ್ಪ, ಒಟ್ಟು 420 ಕ್ಯೂಬಿಕ್ ಮೀಟರ್ ಎಂ-35 ಗ್ರೇಡ್ ಕಾಂಕ್ರೀಟ್. ಗಾಡಿಗೆ 6 ಕ್ಯೂಬಿಕ್ ಅಂದ್ರೆ 70 ಗಾಡಿ. ದೊಡ್ಡ ಪ್ರಾಜೆಕ್ಟ್‌ನವರಿಗೆ ಇದು ಲೆಕ್ಕಕ್ಕಿಲ್ಲ, ಸಾವಿರಗಟ್ಟಲೆ ಕ್ಯೂಬಿಕ್ ಒಂದೇ ಉಸಿರಿಗೆ ಹಾಕ್ತಾರೆ, ಆದ್ರೆ ಜವಾಬ್ದಾರಿ ನನ್ನ ಮೇಲೆ ಬಿದ್ದ ಮೊದಲ್ನೇದು ಇದು. ಹಗಲು ನಮ್ಮ ಕಡೆ ಟ್ರಾಫಿಕ್‌ನಲ್ಲಿ ಮಿಕ್ಸರ್ ಗಾಡಿ ಬರೋ ಟೈಮ್ ದೇವರಿಗೇ ಗೊತ್ತು, ಜೊತೆಗೆ ಬಿಸಿಲಿಗೆ ಕಾಂಕ್ರೀಟ್ ಬಿಸಿ ಏರುತ್ತೆ, ಅದಕ್ಕೇ ರಾತ್ರಿ.

ಗೊತ್ತಿಲ್ಲದವರಿಗೆ ಹೇಳ್ತೀನಿ, ಇಷ್ಟು ದಪ್ಪದ ರಾಫ್ಟನ್ನ ಒಂದೇ ಸಲ ಇಡೀ ಜಾಗಕ್ಕೆ ಹರಡೋಕಾಗಲ್ಲ. ಒಂದು ತುದಿಯಿಂದ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಬರಬೇಕು, ಒಂದೊಂದು ಪದರ 40 ಸೆಂಟಿಮೀಟರ್, ಮೂರು ಪದರ. ಕೆಳಗಿನ ಪದರ ಬಿಗಿಯಾಗೋ ಮುಂಚೆ ಅದರ ಮೇಲೆ ಇನ್ನೊಂದು ಬೀಳಬೇಕು, ನೀಡಲ್, ಅಂದ್ರೆ ಕಾಂಕ್ರೀಟ್ ಒಳಗೆ ಬಿಟ್ಟು ನಡುಗಿಸೋ ವೈಬ್ರೇಟರ್, ಬಿಟ್ಟು ಎರಡನ್ನೂ ಬೆರೆಸಬೇಕು. ಬಿಗಿಯಾದ ಮೇಲೆ ಬಿದ್ರೆ ಎರಡೂ ಒಂದಾಗಲ್ಲ, ಪಕ್ಕ ಪಕ್ಕ ಕೂತಿರುತ್ತೆ ಅಷ್ಟೆ, ಜಗಳ ಆಡಿದ ಗಂಡ ಹೆಂಡ್ತಿ ಬಸ್ಸಲ್ಲಿ ಕೂತ ಹಾಗೆ. ಅದಕ್ಕೇ ಕೋಲ್ಡ್ ಜಾಯಿಂಟ್ ಅನ್ನೋದು. ಬೇಸ್‌ಮೆಂಟ್ ರಾಫ್ಟಲ್ಲಿ ಅದು ಬಂತು ಅಂದ್ರೆ ಮುಂದೆ ಅಂತರ್ಜಲ ಆ ಗೆರೆ ಹುಡುಕ್ಕೊಂಡೇ ಬರುತ್ತೆ.

ಏಳು ಗಂಟೆಗೆ ಶುರು ಅಂತ ಪ್ಲಾನ್. ಕನ್ಸಲ್ಟೆಂಟ್ ಕಡೆಯವರು ಬಂದು ಮೇಲಿನ ಕಂಬಿ ಮೇಲೆ ನಡೆದು ನೋಡಿ "ಇಲ್ಲಿ ಕುಣೀತಿದೆಯಲ್ರೀ" ಅಂದ್ರು, ಅಲ್ಲಿ ಮೇಲಿನ ಕಂಬಿಗೆ ಆಸರೆ ಕೊಡೋ ಚೇರ್ ಕಮ್ಮಿ ಹಾಕಿದ್ರು, ಹಾಕ್ಸಿ ಕಟ್ಟೋ ಹೊತ್ತಿಗೆ ಮೊದಲ್ನೇ ಗಾಡಿ ಸುರಿದಿದ್ದು ಒಂಬತ್ತು ಹತ್ತಕ್ಕೆ. ಅಲ್ಲಿಂದ ಚೆನ್ನಾಗೇ ಹೋಯ್ತು. ಗಂಟೆಗೆ 28, 30 ಕ್ಯೂಬಿಕ್. ಸ್ಲಂಪ್, ಅಂದ್ರೆ ಕಾಂಕ್ರೀಟ್ ಎಷ್ಟು ಸಡಿಲ ಇದೆ ಅನ್ನೋ ಅಳತೆ, ತೆಗೆಯೋನು ತೆಗೀತಿದ್ದ, ಕ್ಯೂಬ್ ತುಂಬೋನು ತುಂಬ್ತಿದ್ದ. 420 ಕ್ಯೂಬಿಕ್‌ಗೆ ನಮ್ಮ ಕಾಂಕ್ರೀಟ್ ಕೋಡ್ ಐಎಸ್ 456 ಪ್ರಕಾರ 12 ಸ್ಯಾಂಪಲ್, ಸ್ಯಾಂಪಲ್‌ಗೆ ಮೂರು ಕ್ಯೂಬ್, 7 ದಿನದ್ದೂ ಬೇಕು ಅಂದ್ರೆ ಎರಡರಷ್ಟು, ಒಟ್ಟು 72. ಒಂದೊಂದು ಎಂಟು ಕೆಜಿ ಮೇಲೆ ತೂಗುತ್ತೆ, ಆ ಹುಡುಗನ ಸೊಂಟ ನೆನೆಸ್ಕೊಂಡ್ರೆ ಪಾಪ ಅನ್ಸುತ್ತೆ.

ಒಂದೂ ನಲವತ್ತಕ್ಕೆ ಟಪ್ ಅಂತ ಸದ್ದು. ಗುಂಡು ಹೊಡೆದ ಹಾಗೆ ಅಂತ ಹೇಳಲ್ಲ, ಟೈರ್ ಬರ್ಸ್ಟ್ ಆದ ಹಾಗಿತ್ತು. ಉದ್ದ ತೋಳಿಂದ ಕಾಂಕ್ರೀಟನ್ನ ಗುಂಡಿಗೆ ತಳ್ಳೋ ಬೂಮ್ ಪಂಪಿನ ಹೈಡ್ರಾಲಿಕ್ ಹೋಸ್ ಒಡೆದು ಎಣ್ಣೆ ರ‍್ಯಾಂಪ್ ಮೇಲೆಲ್ಲ ಕಾರಂಜಿ. ಆಪರೇಟರ್ ತಕ್ಷಣ ಎಂಜಿನ್ ಆಫ್ ಮಾಡ್ದ, ಬೂಮ್ ಅಲ್ಲೇ ಆಕಾಶದಲ್ಲಿ ಕೊಕ್ಕರೆ ಕತ್ತಿನ ಹಾಗೆ ನಿಂತ್ಕೊಂತು. ಎಣ್ಣೆ ಗುಂಡಿ ಕಡೆ ಹರಿದು ಕಂಬಿಗೆ ಬೀಳ್ದೆ ಇರ್ಲಿ ಅಂತ ನಾಲ್ಕು ಜನ ಮರದಪುಡಿ, ಎಂ-ಸ್ಯಾಂಡ್ ಏನು ಸಿಕ್ತೋ ಅದನ್ನ ಸುರಿದು ಕಟ್ಟೆ ಕಟ್ಟಿದ್ರು, ಅದೊಂದು ಪುಣ್ಯ.

"ಎಷ್ಟೊತ್ತು?" ಅಂದೆ. ಆ ಸೈಜಿನ ಹೋಸ್ ಗಾಡೀಲಿಲ್ಲ ಸಾರ್, ಯಾರ್ಡಿಂದ ಮೆಕ್ಯಾನಿಕ್ ತರಬೇಕು, ಎರಡು ಗಂಟೆ ಅಂದ. ಪಂಪ್‌ನವರ ಎರಡು ಗಂಟೆ ಅಂದ್ರೆ ನಿಮಗೆ ಗೊತ್ತಲ್ಲ, ಮದುವೆ ಮನೇಲಿ "ಇನ್ನೇನು ಎಲೆ ಹಾಕ್ತಾರೆ" ಅಂದ ಹಾಗೆ. ಸ್ಟ್ಯಾಂಡ್‌ಬೈ ಪಂಪ್ ಇರುತ್ತೆ ಅಂತ ಮೀಟಿಂಗಲ್ಲಿ ಬರ್ಕೊಂಡಿದ್ದು, ಅದು ಇನ್ಯಾವುದೋ ಸೈಟಲ್ಲಿ ಕೆಲ್ಸ ಮಾಡ್ತಿತ್ತಂತೆ. ಪೇಪರ್ ಮೇಲೆ ಸ್ಟ್ಯಾಂಡ್‌ಬೈ.

ಪ್ಲಾಂಟಿಗೆ ಫೋನ್ ಮಾಡಿ ಲೋಡಿಂಗ್ ನಿಲ್ಲಿಸ್ದೆ. ಗೇಟಲ್ಲಿ ಮೂರು ಗಾಡಿ ತುಂಬಿಕೊಂಡು ನಿಂತಿತ್ತು. ರೆಡಿಮಿಕ್ಸ್‌ಗೆ ಲೋಡ್ ಮಾಡಿದ ಎರಡು ಗಂಟೆ ಒಳಗೆ ಖಾಲಿ ಮಾಡ್ಬೇಕು ಅಂತ ಕೋಡ್, ನಮ್ಮದ್ರಲ್ಲಿ ಬಿಗಿಯಾಗೋದನ್ನ ತಡ ಮಾಡೋ ರಿಟಾರ್ಡರ್ ಇದ್ದಿದ್ರಿಂದ ಮೂರು ಗಂಟೆಗೆ ಒಪ್ಪಿಗೆ ತಗೊಂಡಿದ್ವಿ. ಗುಂಡಿಯೊಳಗೆ ಹಾಕಿದ್ದು 126 ಕ್ಯೂಬಿಕ್, ಏಳೂವರೆ ಮೀಟರ್ ಮುಂದೆ ಬಂದಿತ್ತು, ತೆರೆದುಕೊಂಡಿರೋ ಮೆಟ್ಟಿಲುಗಳಲ್ಲಿ ಅತಿ ಹಳೇದು ಹನ್ನೆರಡೂವರೆಗೆ ಬಿದ್ದಿದ್ದು, ಅದು ಪ್ಲಾಂಟಲ್ಲಿ ಹುಟ್ಟಿದ್ದು ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ. ಟ್ರಯಲ್ ಮಿಕ್ಸಲ್ಲಿ ಬಿಗಿಯಾಗೋಕೆ ಶುರುವಾಗಿದ್ದು ಸುಮಾರು ಆರು ಗಂಟೆಗೆ. ಲ್ಯಾಬಿನ ಆರು ಗಂಟೆ ಸೈಟಲ್ಲಿ ಆರು ಗಂಟೆ ಅಲ್ಲ. ನಾಲ್ಕೂವರೆ ಅಂತ ಮನಸ್ಸಲ್ಲಿ ಗೆರೆ ಎಳ್ಕೊಂಡೆ, ಅಷ್ಟ್ರೊಳಗೆ ಆ ಹಳೇ ಮೆಟ್ಟಿಲ ಮೇಲೆ ಹೊಸದು ಬೀಳ್ಬೇಕು.

ಮೇಸ್ತ್ರಿ ಶ್ರೀಕಾಕುಳಂ ಕಡೆಯವರು, ಕನ್ನಡ ತೆಲುಗು ಎರಡೂ ಬೆರೆಸಿ ಮಾತಾಡ್ತಾರೆ, ನನ್ನಪ್ಪನ ವಯಸ್ಸು. "ಸಾರ್, ಒಂದ್ ಗಾಡಿ ಕೈಯಲ್ಲಿ ಹಾಕೋಣ, ಜನ ಇದಾರೆ" ಅಂದ್ರು. ರ‍್ಯಾಂಪಿಂದ ಮೆಟ್ಟಿಲವರೆಗೆ 17 ಮೀಟರ್, ಕಂಬಿ ಮೇಲೆ ಹಲಗೆ ಹಾಸಿ ಸಾಲಾಗಿ ಜನ ನಿಲ್ಸಿ ಬಾಂಡ್ಲಿ ಕೈಯಿಂದ ಕೈಗೆ. ಆರು ಕ್ಯೂಬಿಕ್ ಅಂದ್ರೆ ಐನೂರು ಬಾಂಡ್ಲಿ. ಹಳೇ ಮೆಟ್ಟಿಲ ಮೇಲೆ 14 ಮೀಟರ್ ಉದ್ದಕ್ಕೆ ಎರಡು ಮೀಟರ್ ಅಗಲಕ್ಕೆ ಒಂದು ಗೇಣು ದಪ್ಪ ಬರುತ್ತೆ, ಲೆಕ್ಕ ಹಾಕಿದ್ರೆ ಕರೆಕ್ಟಾಗಿ ಕೂರ್ತಿತ್ತು. ಗಡಿಯಾರ ಮತ್ತೆ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಹಾಗೆ.

ಮೂವತ್ತು ಜನ, ಐವತ್ತು ನಿಮಿಷ. ಆ ಸಾಲು ನೋಡ್ಬೇಕಿತ್ತು ನೀವು, ಬೂಮ್ ಪಂಪು ಬರೋ ಮುಂಚೆ ಇಡೀ ಊರುಗಳು ಹೀಗೇ ಕಟ್ಟಿದ್ದು ತಾನೇ. ಒಬ್ರು ತೆಲುಗಲ್ಲಿ ಏನೋ ಎಣಿಸ್ತಿದ್ರು, ಇನ್ನೊಂದು ತುದೀಲಿ ಒಡಿಶಾ ಹುಡುಗರು ಅವರದೇ ಭಾಷೇಲಿ ಕೂಗ್ತಿದ್ರು, ನಾನೂ ಮಧ್ಯ ನಿಂತು ಒಂದಿಪ್ಪತ್ತು ನಿಮಿಷ ದಾಟಿಸ್ದೆ, ಮಾರನೇ ದಿನ ತೋಳು ಎತ್ತೋಕಾಗ್ಲಿಲ್ಲ. ಎರಡನೇ ಗಾಡೀನ ಕಾಂಪೌಂಡ್ ಪಕ್ಕದ ಚರಂಡಿ ತಳಕ್ಕೆ ಸುರಿಸ್ದೆ, ಎಂ-35 ಹಾಕಿದ ಚರಂಡಿ ಇಡೀ ಏರಿಯಾದಲ್ಲಿ ಅದೊಂದೇ ಇರ್ಬೇಕು. ಮೂರನೇದು ಡ್ರಮ್ ತಿರುಗಿಸ್ಕೊಂಡು ಕಾಯ್ತಿತ್ತು. ಉಳಿದ ಮೆಟ್ಟಿಲುಗಳ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ವಿ.

ಎರಡೂ ಐವತ್ತೈದು. ಮಾಡೋಕೆ ಏನೂ ಉಳಿದಿರ್ಲಿಲ್ಲ.

ಇದೇ ಕಷ್ಟ ನೋಡಿ. ಓಡಾಡೋ ಹೊತ್ತಲ್ಲಿ ಟೆನ್ಷನ್ ಗೊತ್ತಾಗಲ್ಲ. ನಿಂತ್ಕೊಂಡಾಗ ಶುರು. ಐದು ನಿಮಿಷದಲ್ಲಿ ಮೆಕ್ಯಾನಿಕ್‌ಗೆ ನಾಲ್ಕು ಸಲ ಫೋನ್ ಮಾಡಿದ್ದೆ, ಕೊನೇ ಸಲ ಅವ್ರು "ಸಾರ್ ನೀವು ಫೋನ್ ಮಾಡ್ತಿದ್ರೆ ನಾನು ಗಾಡಿ ಓಡ್ಸೋದು ಹೆಂಗೆ" ಅಂದ್ರು, ನಿಜಾನೇ. ಆಕಾಶದಲ್ಲಿ ಬೇರೆ ಮೋಡ. ಲ್ಯಾಬ್ ಹುಡುಗ ನನ್ನ ಮುಖ ನೋಡಿ ಒಳಗೆ ಹೋಗಿ ಸೋಪ್ ಡಬ್ಬಿ ತಂದು ಕೈಗಿಟ್ಟ. "ರಾಫ್ಟ್ ಮುಗೀಲಿ ಅಂದ್ರೆ ಆಗಲ್ಲ ಸಾರ್ ಇವತ್ತು, ನೀವೇ ಮುಗ್ದೋಗ್ತೀರ."

ಸೈಟೊಳಗೆ ಬೆಂಕಿ ಹಚ್ಚೋ ಹಾಗಿಲ್ಲ, ಡೀಸೆಲ್ ಬ್ಯಾರಲ್, ಶಟರಿಂಗ್ ಎಣ್ಣೆ, ಈಗ ಹೈಡ್ರಾಲಿಕ್ ಎಣ್ಣೆ ಬೇರೆ. ಮೇಸ್ತ್ರಿಗೆ ಹೇಳಿ ಗೇಟ್ ದಾಟಿ ಎದುರಿಗೆ ಖಾಲಿ ಸೈಟಲ್ಲಿ ಬಿದ್ದಿದ್ದ ಒಂದು ದೊಡ್ಡ ಸಿಮೆಂಟ್ ಹ್ಯೂಮ್ ಪೈಪ್ ಮೇಲೆ ಕೂತೆ, ಅಲ್ಲಿಂದ ಪಂಪೂ ಕಾಣುತ್ತೆ ಮೇನ್ ರೋಡೂ ಕಾಣುತ್ತೆ. ಸೈಕಲ್ ಮೇಲೆ ಫ್ಲಾಸ್ಕ್ ಕಟ್ಕೊಂಡು ಟೀ ಮಾರೋ ಅಣ್ಣ ಅಲ್ಲೇ ಇದ್ರು, ಅವರ ಹತ್ರ ಬೆಂಕಿಪೊಟ್ಟಣ ಈಸ್ಕೊಂಡೆ.

ಹಿಂದಿನ ತುದಿ ಮುಚ್ಚಿರುತ್ತೆ, ಅದನ್ನ ಕತ್ತರಿಸ್ಬೇಕು. ಅದಕ್ಕೇ ಅಂತ ಕಟರ್ ಬರುತ್ತೆ, ನನ್ನ ಹತ್ರ ಎಲ್ಲಿ? ಕಂಬಿ ಕಟ್ಟೋ ಹುಡುಗ ಕಟಿಂಗ್ ಪ್ಲೇಯರ್ ಚಾಚ್ದ, ಬೈಂಡಿಂಗ್ ವೈರ್ ಕತ್ತರಿಸೋದು, ಬೇಡಪ್ಪ ಅಂದೆ. ಆಫೀಸಿಂದ ಪೇಪರ್ ಕತ್ತರಿಸೋ ಬ್ಲೇಡ್ ತಂದಿದ್ದೆ, ಹೊಸದೊಂದು ತುಂಡು ಮುರಿದು ಟೊಪ್ಪಿ ಎರಡು ಮಿಲಿಮೀಟರ್ ಅಷ್ಟೇ ತೆಗ್ದೆ. ಜಾಸ್ತಿ ಕತ್ತರಿಸಿದ್ರೆ ಹೊರಗಿನ ಎಲೆ ಬಿಚ್ಕೊಂಡು ಬರುತ್ತೆ. ಮೂರು ಥರ ಎಲೆ ಇರುತ್ತೆ ಅದರಲ್ಲಿ, ಒಳಗೆ ತುಂಬಿದ್ದು, ಅದನ್ನ ಹಿಡಿದಿಟ್ಟಿರೋ ಇನ್ನೊಂದು ಎಲೆ, ಮೇಲೆ ನುಣುಪಾಗಿ ಸುತ್ತಿದ್ದು. ಕಾಂಕ್ರೀಟ್, ಶಟರಿಂಗ್, ಪ್ಲಾಸ್ಟರಿಂಗ್ ಅಂದ್ಕೊಳ್ಳಿ.

ಸಿಗರೇಟ್ ಥರ ಬಾಯಲ್ಲಿಟ್ಟು ಫಸ್ ಅಂತ ಹಚ್ಚೋದಲ್ಲ. ಮೊದ್ಲು ಕೈಯಲ್ಲೇ ಹಿಡ್ಕೊಂಡು ಬೆಂಕಿ ತಾಗಿಯೂ ತಾಗ್ದಂಗೆ ತುದಿ ಸುತ್ತ ತಿರುಗಿಸ್ತಾ ಬಿಸಿ ಮಾಡ್ಬೇಕು, ಅಂಚು ಸಮವಾಗಿ ಕಪ್ಪಾದ ಮೇಲೆ ಬಾಯಿಗಿಟ್ಟು ಮೆಲ್ಲಗೆ ಎಳೀತಾ ತಿರುಗಿಸ್ಬೇಕು. ಒಂದು ಕಡೆ ಮಾತ್ರ ಹತ್ತಿದ್ರೆ ಕೊನೇವರೆಗೂ ಸೊಟ್ಟ ಉರಿಯುತ್ತೆ. ನನಗೆ ಏಳು ಕಡ್ಡಿ ಖರ್ಚಾಯ್ತು. ಟೀ ಅಣ್ಣ ಎಣಿಸ್ತಿದ್ರು, "ಒಲೆ ಹಚ್ಚಿದ್ರೂ ಇಷ್ಟ್ ಕಡ್ಡಿ ಬೇಡ ಸಾರ್" ಅಂದ್ರು.

ಮೊದಲ್ನೇ ಹೊಗೆ ಬಾಯಿಗೆ ಬಂತು. ಹುಲ್ಲಿನ ಬಣವೆ ವಾಸನೆ, ಸ್ವಲ್ಪ ಪೆನ್ಸಿಲ್ ಕೆತ್ತಿದಾಗ ಬರೋ ಮರದ ವಾಸನೆ, ನಾಲಿಗೆ ತುದೀಲಿ ಮೆಣಸು. ಗಂಟಲಿಗೆ ಇಳಿಸಬಾರದು, ಬಾಯಲ್ಲೇ ಇಟ್ಕೊಂಡು ಬಿಡೋದು. ಒಳಗೆ ಎಳ್ಕೊಳ್ಳಲ್ಲ ಅಂದ ಮಾತ್ರಕ್ಕೆ ಏನೂ ಆಗಲ್ಲ ಅಂತ ಅಲ್ಲ ಮತ್ತೆ, ಬಾಯಿ ಗಂಟಲಿನ ಕ್ಯಾನ್ಸರ್ ಇದರಿಂದಲೂ ಬರುತ್ತೆ, ನಿಕೋಟಿನ್ ಬಾಯಿಂದಲೇ ರಕ್ತಕ್ಕೆ ಹೋಗುತ್ತೆ. ನಾನು ಇದನ್ನ ಓದಿ ನೀವೂ ಹಚ್ಚಿ ಅಂತ ಬರೀತಿಲ್ಲ.

ಮೇನ್ ವಿಷ್ಯ ಏನಪ್ಪ ಅಂದ್ರೆ ನಿಮಿಷಕ್ಕೆ ಒಂದೇ ಸಲ ಎಳೀಬೇಕಂತೆ. ಅದಕ್ಕಿಂತ ಬೇಗ ಬೇಗ ಎಳೆದ್ರೆ ಬಿಸಿಯಾಗಿ ಕಹಿ ಬರುತ್ತೆ, ಬಿಟ್ಬಿಟ್ರೆ ಆರಿಹೋಗುತ್ತೆ. ಅಲ್ಲಿವರೆಗೆ ನಾನು ನಿಮಿಷಕ್ಕೊಂದ್ಸಲ ವಾಚ್ ನೋಡ್ತಿದ್ದೆ, ಈಗ ವಾಚ್ ಬದ್ಲು ಇದನ್ನ ಎಳೀತಿದ್ದೆ, ಕೆಲ್ಸ ಒಂದೇ ಆದ್ರೂ ಹೊಟ್ಟೆಯೊಳಗಿನ ಗಂಟು ಮಾತ್ರ ಸ್ವಲ್ಪ ಸಡಿಲ ಆದ ಹಾಗಾಯ್ತು. ನಿಕೋಟಿನ್ನೋ, ಕೂತ್ಕೊಂಡಿದ್ದಕ್ಕೋ, ಗೊತ್ತಿಲ್ಲ. ಬೂದಿ ಬೆಳ್ಳಗೆ ಒಂದಿಂಚು ಉದ್ದ ಬೀಳ್ದೆ ನಿಂತಿತ್ತು, ಅದನ್ನ ಕೆಡವಬಾರದು ಅಂತ ಕೈ ಅಲ್ಲಾಡಿಸ್ದೆ ಕೂತಿದ್ದೆ. ಅಷ್ಟು ಹೊತ್ತು ಅಲ್ಲಾಡದೆ ಕೂತಿದ್ದು ಆ ವಾರದಲ್ಲೇ ಮೊದಲು.

ಮೇಸ್ತ್ರಿ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿದ್ರು. ನನ್ನ ಕೈಯಲ್ಲಿರೋದನ್ನ ನೋಡಿ "ಇದು ನಮ್ ಚುಟ್ಟಾನೇ ಅಲ್ವಾ ಸಾರ್, ಸ್ವಲ್ಪ ದೊಡ್ಡದು" ಅಂದ್ರು. ಅವರ ಊರಲ್ಲಿ ಹೆಂಗಸ್ರು ಚುಟ್ಟಾನ ಉಲ್ಟಾ ಸೇದ್ತಾರಂತೆ, ಬೆಂಕಿ ಇರೋ ತುದಿ ಬಾಯೊಳಗೆ. ಮೀನು ಹೊರೋವಾಗ, ಗಾಳಿಗೆ ಆರಬಾರ್ದು ಅಂತ, ಎರಡೂ ಕೈ ತಲೆ ಮೇಲಿನ ಬುಟ್ಟಿ ಹಿಡ್ಕೊಂಡಿರುತ್ತಲ್ಲ ಅಂದ್ರು. ಅವರ ಅಜ್ಜಿ ಹಾಗೇ ಸೇದಿ ಸೇದಿ ಬಾಯಿ ಅಂಗಳ ಹುಣ್ಣಾಗೇ ಹೋಗಿದ್ದಂತೆ. ಹೇಳಿ ಅವರ ಬೀಡಿ ಅವರು ಮುಗಿಸಿ ಎದ್ದು ಹೋದ್ರು, ಗೋಣಿಚೀಲಕ್ಕೆ ಮತ್ತೆ ನೀರು ಹೊಡಿಸ್ಬೇಕಿತ್ತು.

ಮೂರನೇ ಗಾಡಿ ಡ್ರೈವರ್ ಬಂದ್ರು. "ಸಾರ್ ಸ್ಲಂಪ್ ಬೀಳ್ತಾ ಇದೆ, ಒಂದ್ ಬಕೆಟ್ ನೀರು ಬಿಟ್ಬಿಡ್ಲಾ? ಪಂಪ್ ಬಂದ್ರೆ ತಳ್ಕೊಂಡೋಗುತ್ತೆ, ಯಾರ್ಗೂ ಗೊತ್ತಾಗಲ್ಲ." ಒಂದು ಬಕೆಟ್ ಆರು ಕ್ಯೂಬಿಕ್‌ಗೆ ನಿಜವಾಗ್ಲೂ ದೊಡ್ಡದೇನಲ್ಲ, ಆದ್ರೆ ಒಂದು ಬಕೆಟ್ ಅನ್ನೋದು ಯಾವತ್ತೂ ಒಂದೇ ಬಕೆಟ್ ಆಗಿರಲ್ಲ. ಬೇಡ ಅಣ್ಣ ಅಂದೆ. ರಿಜೆಕ್ಟ್ ಆದ್ರೆ ಡ್ರೈವರ್‌ನೇ ಕೇಳ್ತಾರಂತೆ ಅವರ ಆಫೀಸಲ್ಲಿ, ಪಂಪ್ ಒಡೆದಿದ್ದಕ್ಕೆ ಅವರು ಏನ್ಮಾಡ್ತಾರೆ ಪಾಪ, ಚಲನ್ ಮೇಲೆ "ಪಂಪ್ ಬ್ರೇಕ್‌ಡೌನ್" ಅಂತ ನಾನೇ ಬರೆದು ಸೈನ್ ಹಾಕಿ ಕೊಡ್ತೀನಿ ಅಂದೆ. ಆಮೇಲೆ ಅವರು ನಿಂತಲ್ಲೇ ಟೀ ಕುಡಿದ್ರು, ನನ್ನ ದುಡ್ಡಲ್ಲಿ.

ಮೂರೂ ಹದಿನೈದಕ್ಕೆ ಅಪ್ಪನಿಗೆ ಫೋನ್ ಮಾಡ್ದೆ.

ಬೆಳಗಿನ ಜಾವ ಮೂರಕ್ಕೆ ಫೋನಾ ಅಂತ ಅನ್ಕೋಬೇಡಿ. ನಮ್ಮೂರು ಹುಣಸೂರು ಹತ್ರ. ಹೊಗೆಸೊಪ್ಪಿನ ಊರು. ವರ್ಜೀನಿಯಾ ತಂಬಾಕು, ತಂಬಾಕು ಮಂಡಳಿ ಲೈಸೆನ್ಸು, ಹರಾಜು, ಎಲ್ಲ ಅದೇ. ಆಗಸ್ಟ್ ಅಂದ್ರೆ ಬ್ಯಾರನ್ ಸೀಸನ್ನು, ಬ್ಯಾರನ್ ಅಂದ್ರೆ ಸೊಪ್ಪು ಬೇಯಿಸಿ ಒಣಗಿಸೋ ಮನೆ. ಎಲೆ ಮುರಿದು ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ಮೇಲಿಂದ ಕೆಳಗಿನವರೆಗೆ ನೇತು ಹಾಕಿ ಒಲೆಗೆ ಸೌದೆ ಕೊಟ್ರೆ ಐದಾರು ದಿನ ಹಗಲೂ ರಾತ್ರಿ ಬಿಡೋ ಹಾಗಿಲ್ಲ. ಥರ್ಮಾಮೀಟರ್ ನೋಡ್ಕೊಂಡು ಒಬ್ರು ಎದ್ದೇ ಇರ್ಬೇಕು. ನಾನು ಚಿಕ್ಕೋನಿದ್ದಾಗ ಆ ಒಲೆ ಮುಂದೆ ಗೋಣಿಚೀಲ ಹಾಸ್ಕೊಂಡು ಅಪ್ಪನ ಪಕ್ಕ ಮಲಗ್ತಿದ್ದೆ, ಕೆಂಡದಲ್ಲಿ ಗೆಣಸು ಸುಡ್ತಿದ್ರು. ಹಾಗಾಗಿ ಆ ತಿಂಗಳಲ್ಲಿ ಮೂರು ಗಂಟೆಗೆ ಎದ್ದಿರೋ ಮನುಷ್ಯ ಅಂತ ಈ ಪ್ರಪಂಚದಲ್ಲಿ ನನಗೆ ಗ್ಯಾರಂಟಿ ಇರೋದು ಅಪ್ಪ ಒಬ್ರೇ.

ಎರಡನೇ ರಿಂಗಿಗೇ ಎತ್ತಿದ್ರು. "ಏನ್ಲಾ ಮಗ, ಇಷ್ಟೊತ್ನಲ್ಲಿ?"

ಆ ಕ್ಷಣ ನಾನು ಏನ್ಮಾಡ್ದೆ ಗೊತ್ತಾ, ಸಿಗಾರ್ ಹಿಡಿದ ಕೈನ ಬೆನ್ನ ಹಿಂದಕ್ಕೆ ತಗೊಂಡ್ಹೋದೆ. 200 ಕಿಲೋಮೀಟರ್ ದೂರ, ಬರೀ ವಾಯ್ಸ್ ಕಾಲು, ಮೂವತ್ತು ದಾಟಿದ ಗಂಡಸು ನಾನು. ಟೀ ಅಣ್ಣ ನೋಡಿ ನಕ್ಕುಬಿಟ್ರು, ಅವರಿಗೆ ಹೇಳ್ದೇನೇ ಅರ್ಥ ಆಗಿತ್ತು ಆ ಕಡೆ ಯಾರು ಅಂತ. ಮೂವತ್ತು ವರ್ಷದಿಂದ ಹೊಗೆಸೊಪ್ಪು ಬೆಳೆದು ನನ್ನ ಎಂಜಿನಿಯರಿಂಗ್ ಓದ್ಸಿದ್ದು ಅಪ್ಪ, ಒಂದು ಬೀಡಿ ಬಾಯಿಗಿಟ್ಟೋರಲ್ಲ, ಪಿಯುಸಿಲಿ ನನ್ನ ಜೇಬಲ್ಲಿ ಬೆಂಕಿಪೊಟ್ಟಣ ಸಿಕ್ಕಿದ್ದಕ್ಕೆ ಸೌದೆ ತಗೊಂಡು ಅಟ್ಟಾಡಿಸಿದ್ರು. ಅದು ಗಣಪತಿ ಪಟಾಕಿಗೆ ಇಟ್ಕೊಂಡಿದ್ದು ಅಂದ್ರೂ ಕೇಳ್ಲಿಲ್ಲ.

ಪಂಪ್ ಒಡೀತಪ್ಪ ಅಂದೆ. ಎಲ್ಲ ಹೇಳ್ದೆ. ಎಷ್ಟು ಅರ್ಥ ಆಯ್ತೋ, ಮಧ್ಯ ಮಧ್ಯ ಊಂ ಊಂ ಅಂತಿದ್ರು, ಆ ಕಡೆ ಸೌದೆ ಚಟಚಟ ಅನ್ನೋದು ಕೇಳಿಸ್ತಿತ್ತು. ಕೊನೇಲಿ "ನಿಮ್ಗೂ ಕ್ಯೂರಿಂಗೇ ಅಲ್ವೇನ್ಲಾ ಅದು" ಅಂದ್ರು. ಹೌದು, ಪದ ಒಂದೇ. ಅಪ್ಪಂದು ಎಲೆಯಿಂದ ನೀರು ತೆಗೆಯೋ ಕ್ಯೂರಿಂಗು, ನಂದು ಕಾಂಕ್ರೀಟಿಂದ ನೀರು ಹೋಗ್ದೆ ಇರೋ ಹಾಗೆ ನೋಡ್ಕೊಳ್ಳೋ ಕ್ಯೂರಿಂಗು.

"ಇಲ್ಲಿ ನೂರರಲ್ಲಿ ನಿಂತದೆ ಕಣಪ್ಪ. ಎಲೆ ಇನ್ನಾ ಹಳದಿ ತಿರುಗ್ಬೇಕು. ಈಗ ಸೌದೆ ಜಾಸ್ತಿ ಕೊಟ್ರೆ ಹಸಿರು ಹಂಗೇ ಕೂತ್ಕತ್ತದೆ, ಆಮೇಕೆ ಏನ್ ಮಾಡುದ್ರೂ ಹೋಗಕಿಲ್ಲ. ನಿನ್ನೆಯಿಂದ ಸುಮ್ನೆ ಕೂತಿವ್ನಿ."

ಬ್ಯಾರನ್ನಿನ ನೂರು ಅಂದ್ರೆ ಫ್ಯಾರನ್‌ಹೀಟು, ಮೊದಲ ಹಂತ. ಆಮೇಲೆ ಬಣ್ಣ ನಿಲ್ಲಿಸ್ಬೇಕು, ಎಲೆ ಒಣಗಿಸ್ಬೇಕು, ಕೊನೆಗೆ ನಡು ದಂಟು ಒಣಗೋಕೆ 160ರವರೆಗೆ ಏರಿಸ್ಬೇಕು. "ಊಟ ಮಾಡಿದ್ಯಾ" ಅಂದ್ರು, ಮಾಡಿದ್ದೀನಿ ಅಂತ ಸುಳ್ಳು ಹೇಳ್ದೆ, ಇಟ್ರು. ನಮ್ಮಪ್ಪ ಫೋನಲ್ಲಿ ಮೂರು ನಿಮಿಷ ಮಾತಾಡಿದ್ದೇ ದಾಖಲೆ.

ಬೆನ್ನ ಹಿಂದಿಂದ ಕೈ ತಂದು ನೋಡಿದ್ರೆ ಬೂದಿ ಬಿದ್ದು ನನ್ನ ಪ್ಯಾಂಟೆಲ್ಲ ಬೆಳ್ಳಗೆ, ಸಿಗಾರ್ ಆರೋ ಹಾಗಿತ್ತು, ಎರಡು ಸಲ ಮೆಲ್ಲಗೆ ಎಳೆದ ಮೇಲೆ ಮತ್ತೆ ಹಿಡ್ಕೊಂತು. ಅರ್ಧದ ನಂತರ ರುಚಿ ಬೇರೆ, ಕಾಫಿ ಬೀಜ ಜಾಸ್ತಿ ಹುರಿದ ಹಾಗೆ, ಸ್ವಲ್ಪ ತಲೆ ತಿರುಗೋದಕ್ಕೂ ಶುರುವಾಗಿತ್ತು, ಊಟ ಮಾಡಿರ್ಲಿಲ್ಲವಲ್ಲ. ಟೀ ಅಣ್ಣನ ಹತ್ರ ಇದ್ದ ಬನ್ ಎರಡು ತಿಂದೆ. ಅಪ್ಪನಿಗೆ ಹೇಳಿದ್ದು ಸುಳ್ಳಾಗ್ಲಿಲ್ಲ ಅಂತ ಸಮಾಧಾನ.

ಮೂರೂ ಮೂವತ್ತೈದಕ್ಕೆ ಮೇನ್ ರೋಡಲ್ಲಿ ಒಂಟಿ ಹೆಡ್‌ಲೈಟು. ಮೆಕ್ಯಾನಿಕ್ ಬೈಕಲ್ಲಿ ಬಂದಿದ್ರು, ಹೋಸ್‌ನ ಮೈಗೆ ಜನಿವಾರದ ಹಾಗೆ ಹಾಕ್ಕೊಂಡು. ಸಿಗಾರನ್ನ ಸಿಗರೇಟ್ ಥರ ಒರೆಸಿ ಆರಿಸಬಾರದು, ಸುಮ್ನೆ ಇಟ್ರೆ ತಾನೇ ಆರುತ್ತೆ, ಪೈಪ್ ಮೇಲೆ ಇಟ್ಟು ಅಣ್ಣ ನೋಡ್ಕೊಳ್ಳಿ ಅಂತ ಹೇಳಿ ಓಡ್ದೆ.

ಹೋಸ್ ಕೂರಿಸೋಕೆ ಇಪ್ಪತ್ತು ನಿಮಿಷ. ಎಣ್ಣೆ ತುಂಬಿ, ಗಾಳಿ ತೆಗೆದು, ಬೂಮ್ ಒಳಗೆ ಎರಡು ಗಂಟೆಯಿಂದ ನಿಂತಿದ್ದ ಕಾಂಕ್ರೀಟು ಗಟ್ಟಿಯಾಗಿ ಕೂತಿದ್ರೆ ಎಲ್ಲ ಕಥೆ ಮುಗೀತು ಅಂತ ಉಸಿರು ಬಿಗಿ ಹಿಡ್ಕೊಂಡಿದ್ವಿ. ಆಪರೇಟರ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಹೊಡೆದ, ಕೆಮ್ಮಿ ಕೆಮ್ಮಿ ಬಂತು. ಆ ಮೊದಲ ಕಸವನ್ನ ಹೊರಗೆ ಸುರಿದ್ವಿ.

ಇನ್ನೊಂದು ಪರೀಕ್ಷೆ ಉಳಿದಿತ್ತು. ನಿಂತ ಮೆಟ್ಟಿಲು ಇನ್ನೂ ಜೀವಂತವಾಗಿದ್ಯಾ ಅಂತ ನೋಡೋಕೆ ಸೈಟಲ್ಲಿ ಯಾವ ಮೆಷಿನ್ನೂ ಬೇಡ. ಓಡ್ತಾ ಇರೋ ನೀಡಲ್‌ನ ಕೈಯಲ್ಲಿ ಒತ್ತದೆ ಹಾಗೇ ಬಿಡ್ಬೇಕು. ತನ್ನ ಭಾರಕ್ಕೇ ತಾನೇ ಇಳಿದು, ಸುತ್ತ ಕಾಂಕ್ರೀಟ್ ಮತ್ತೆ ಮೆತ್ತಗಾಗಿ, ಮೇಲೆ ಎಳೆದಾಗ ತೂತು ಮುಚ್ಕೊಂಡ್ರೆ ಪಾಸು. ಇಳೀಲಿಲ್ಲ ಅಂದ್ರೆ ಅಲ್ಲಿಗೆ ನಿಲ್ಸಿ, ಸರಿಯಾದ ಕನ್‌ಸ್ಟ್ರಕ್ಷನ್ ಜಾಯಿಂಟ್ ಮಾಡಿ, ಕೆತ್ತಿ, ಕನ್ಸಲ್ಟೆಂಟ್ ಮುಂದೆ ಕೈಕಟ್ಟಿ ನಿಲ್ಬೇಕು. ಮೇಸ್ತ್ರಿ ಗೋಣಿ ಸರಿಸಿದ್ರು. ನೀಡಲ್ ಹಿಡಿಯೋ ಹುಡುಗನಿಂದ ಅವರೇ ಈಸ್ಕೊಂಡ್ರು. ಬಿಟ್ರು.

ಒಂದು ಕ್ಷಣ ನಿಂತೇ ಇತ್ತು, ಗುರ್ ಅಂತ. ಆಮೇಲೆ ಮೆಲ್ಲಗೆ, ಎಮ್ಮೆ ಕೆರೆಗಿಳಿದ ಹಾಗೆ ಇಳೀತು.

14 ಮೀಟರ್ ಉದ್ದಕ್ಕೂ ಹನ್ನೊಂದು ಕಡೆ ನೋಡಿದ್ವಿ. ಒಂದು ಮೂಲೇಲಿ ಸ್ವಲ್ಪ ಹಠ ಮಾಡ್ತು, ಅಲ್ಲಿ ಜಾಸ್ತಿ ಹೊತ್ತು ನೀಡಲ್ ಕೊಟ್ವಿ. ನಾಲ್ಕೂ ಐದಕ್ಕೆ ಬೂಮ್ ಬಾಯಿಂದ ಹೊಸ ಕಾಂಕ್ರೀಟ್ ಬಿತ್ತು. ಮೂರನೇ ಗಾಡಿ ಸ್ಲಂಪ್ 70 ಮಿಲಿಮೀಟರ್‌ಗೆ ಇಳಿದು ತೀರಾ ಗಟ್ಟಿಯಾಗಿತ್ತು, ವಾಪಸ್ ಕಳಿಸ್ದೆ, ಚಲನ್ ಬರ್ಕೊಟ್ಟೆ. ಮಳೆ ಐದೂವರೆಗೆ ಹತ್ತು ಹನಿ ಹಾಕಿ ಹೆದರಿಸಿ ಹೋಯ್ತು.

ಮುಗಿದಿದ್ದು ಮಾರನೇ ದಿನ ಮಧ್ಯಾಹ್ನ ಎರಡಕ್ಕೆ. ಮಧ್ಯ ಏಳು ಗಂಟೆ ಹೊತ್ತಿಗೆ ಒಂದು ಸಲ ಗೇಟಾಚೆ ಹೋದೆ, ಟೀ ಅಣ್ಣ ಹೊರಟಿದ್ರು, ಅರ್ಧ ಸಿಗಾರ್‌ನ ಪೇಪರ್ ಕಪ್ ಬೋರಲು ಹಾಕಿ ಮುಚ್ಚಿಟ್ಟು ಹೋಗಿದ್ರು. ಮತ್ತೆ ಹಚ್ಚಿ ನೋಡಿದೆ. ಕೆಟ್ಟ ಕಹಿ, ಹಳೇ ಬೂದಿ ನೆಕ್ಕಿದ ಹಾಗೆ. ಒಂದೇ ಎಳೆತಕ್ಕೆ ಬಿಟ್ಟೆ. ಇದೂ ಕೋಲ್ಡ್ ಜಾಯಿಂಟೇ.

ದೊಡ್ಡಪ್ಪನ ಮಗನಿಗೆ ಮೆಸೇಜ್ ಮಾಡ್ದೆ, ಮುಗಿಯೋಕೆ ಮುಂಚೇನೇ ಸೇದ್ಬಿಟ್ಟೆ ಕಣೋ ಅಂತ. ಅವನು ಬೈದ. 28 ದಿನದ ಕ್ಯೂಬ್ ರಿಸಲ್ಟು ಬಂದಾಗ, ಎಲ್ಲ ಪಾಸ್ ಆಗಿತ್ತು, ಅವನಿಗೇ ಮೊದ್ಲು ಕಳಿಸ್ದೆ.

ಅದಕ್ಕೂ ಮುಂಚೆ ಗೌರಿ ಹಬ್ಬಕ್ಕೆ ಊರಿಗೆ ಹೋಗಿದ್ದೆ. ಖಾಲಿ ಟ್ಯೂಬ್ ಬ್ಯಾಗಲ್ಲೇ ಉಳಿದಿತ್ತು, ಬಟ್ಟೆ ಒಗೆಯೋಕೆ ತೆಗೆದ ಅಮ್ಮ "ಇದೇನೋ ಇದು, ಮಾತ್ರೆ ಡಬ್ಬಿನಾ" ಅಂತ ಜಗುಲಿಗೆ ತಂದ್ರು. ಅಪ್ಪ ಅಲ್ಲೇ ಸೊಪ್ಪು ಗ್ರೇಡ್ ಮಾಡ್ತಾ ಕೂತಿದ್ರು. ಕೈಗೆ ತಗೊಂಡು ಮುಚ್ಚಳ ತಿರುಗಿಸಿ ಮೂಗಿಗೆ ಹಿಡಿದ್ರು. ನನಗೆ ಹೊಟ್ಟೆಯೊಳಗೆ ಆ ರಾತ್ರಿ ಪಂಪ್ ಒಡೆದಾಗ ಆದ ಹಾಗೇ ಆಯ್ತು.

"ಇದು ಬ್ಯಾರನ್ ಸೊಪ್ಪಲ್ಲ" ಅಂದ್ರು. ಮತ್ತೆ ಮೂಸಿದ್ರು. "ನೆರಳಲ್ಲಿ ಒಣಗ್ಸವ್ರೆ. ಆಮೇಕೆ ಕೊಳೆ ಹಾಕವ್ರೆ, ಗುಡ್ಡೆ ಹಾಕಿ."

ಸರಿಯಾಗೇ ಹೇಳಿದ್ರು. ಸಿಗಾರ್ ಎಲೆ ಒಲೆ ಕಾಣಲ್ಲ, ಗಾಳಿಗೆ ಒಣಗಿಸಿ ರಾಶಿ ಹಾಕಿ ಹುಳಿಸ್ತಾರೆ. "ಆಫೀಸಲ್ಲಿ ಯಾರೋ ಕೊಟ್ರಪ್ಪ" ಅಂದೆ. ಸೇದಿದ್ಯಾ ಅಂತ ಅವರು ಕೇಳ್ಲಿಲ್ಲ. ಒಂದಕ್ಕೆ ಎಷ್ಟು ಅಂದ್ರು. ಸಾವಿರದ ಮೇಲೆ ಅಂದೆ. ತೂಕ ಎಷ್ಟು ಅಂದ್ರು. ಎಂಟೊಂಬತ್ತು ಗ್ರಾಂ ಇರ್ಬೋದು ಅಂದೆ. ಕೈಯಲ್ಲಿದ್ದ ಎಲೆ ಕೆಳಗಿಟ್ಟು ಬೆರಳಲ್ಲಿ ಲೆಕ್ಕ ಹಾಕಿದ್ರು, ತುಟಿ ಅಲ್ಲಾಡ್ತಿತ್ತು.

"ಕೆಜಿಗೆ ಲಕ್ಷದ ಮೇಲಾಯ್ತಲ್ಲೋ" ಅಂದ್ರು. ಆ ಸಲ ಒಳ್ಳೆ ಸೊಪ್ಪಿಗೆ ಇನ್ನೂರೈವತ್ತು ಸಿಕ್ಕಿದ್ರೆ ಸಾಕು ಅಂತ ಕಾಯ್ತಿದ್ರು ಹರಾಜಿಗೆ.

ಇನ್ನೊಂದು ಸಲ ಮೂಸಿ, ಮುಚ್ಚಳ ತಿರುಗಿಸಿ, ಟ್ಯೂಬ್‌ನ ಅಂಗಿ ಜೇಬಿಗೆ ಹಾಕ್ಕೊಂಡ್ರು. "ಇರ್ಲಿ, ಬೀಜ ಇಕ್ಕಕಾಯ್ತದೆ." ಹೊಗೆಸೊಪ್ಪಿನ ಬೀಜ ರಾಗಿಗಿಂತ ಎಷ್ಟೋ ಸಣ್ಣದು, ಒಂದು ಗ್ರಾಮಿಗೆ ಹತ್ತು ಸಾವಿರದ ಮೇಲೆ ಬರುತ್ತೆ. ಮತ್ತೆ ಎಲೆ ಕೈಗೆತ್ಕೊಂಡು ಬೆಳಕಿಗೆ ಹಿಡಿದು ನೋಡಿ ಒಂದು ಗುಡ್ಡೆಗೆ ಹಾಕಿದ್ರು.